ಬೆಟ್ಟ ಖಾಲಿ ಎಂದ ಅನಿಯೆಲ್ಲೋ ಮಾವ

ಅನಿಯೆಲ್ಲೋ ಮಾವನ ವಿಷಯ ಬರೆಯಲು ಕಾರಣ ಒಂದೇ. ತಾನು ತಪ್ಪಿದ್ದು ಗೊತ್ತಾದ ಕೂಡಲೇ ಎದ್ದು ಸರಿಮಾಡಲು ಹೊರಟ ಮನುಷ್ಯ ಅವರು. ಅಂಥವರು ನನಗೆ ಹೆಚ್ಚು ಸಿಕ್ಕಿಲ್ಲ.

ಇಟಲಿಯ ವೆಸುವಿಯೋ ಎಂಬ ಬೆಂಕಿಬೆಟ್ಟದ ಕಾಲುದಾರಿ ಶುರುವಾಗುವಲ್ಲಿ ಮಾವ ನಿಲ್ಲುತ್ತಾರೆ. ಹತ್ತುವವರಿಗೆ ಒಂದೊಂದು ಕೋಲು ಕೊಡುತ್ತಾರೆ. ಇಳಿದವರು ಕೋಲು ಮರಳಿಸಿ, ಮನಸ್ಸಿಗೆ ಬಂದಷ್ಟು ಚಿಲ್ಲರೆ ಕೊಟ್ಟು ಹೋಗುತ್ತಾರೆ. ಅವರ ಅಪ್ಪನದೂ ಇದೇ ಕೆಲಸ. ಕೋಲೆಲ್ಲ ಬಂದರೆ ಬೆಟ್ಟ ಖಾಲಿ ಎಂಬುದು ಅಪ್ಪನ ಕಾಲದ ಲೆಕ್ಕ. ಪ್ರವಾಸಿಗರನ್ನು ತರುವ ನಾವು ವ್ಯಾನಿನವರೂ ಅದನ್ನೇ ನಂಬಿದ್ದೆವು.

ನಾನು ಸಬಾಟೋ, ನಾಪೊಲಿ ಬಂದರಿನಿಂದ ಹಡಗಿನ ಪ್ರವಾಸಿಗರನ್ನು ವ್ಯಾನಿನಲ್ಲಿ ಕರೆತರುವವನು. ಬೆಳಿಗ್ಗೆ ಪೊಂಪೇಯಿಯ ಹಾಳೂರು, ಮಧ್ಯಾಹ್ನ ಬೆಟ್ಟ, ಸಂಜೆ ಹಡಗು ಬಿಡುವುದರೊಳಗೆ ವಾಪಸು. ಆ ದಿನ ಇಂಗಾ ಎಂಬ ವಯಸ್ಸಾದ ಹೆಂಗಸು ಒಬ್ಬರೇ ಬಂದಿದ್ದರು. ಪೊಂಪೇಯಿಯ ಬಿಸಿಲಿಗೇ ಸೋತಿದ್ದರು.

"ತಾಯಿ, ಆಗಲೇ ಒಂದೂರು ಸುತ್ತಿ ಬಂದ ಕಾಲು ಇದು. ಇಲ್ಲೇ ಕೂತು ಕಾಫಿ ಕುಡೀರಿ," ಎಂದರು ಮಾವ.

ಆಕೆ ನಕ್ಕು ಕೋಲು ತೆಗೆದುಕೊಂಡರು.

ಮೇಲೆ ಮಂಜು ಕವಿಯಿತು. ಜನ ಇಳಿದರು. ನನ್ನ ವ್ಯಾನಿನಲ್ಲಿ ಒಂದು ಸೀಟು ಖಾಲಿ.

"ಮಾವ, ಆ ಅಜ್ಜಿ ಬಂದಿಲ್ಲ."

"ಕೋಲೆಲ್ಲ ಬಂದಿದೆ ಸಬಾಟೋ, ಬೆಟ್ಟ ಖಾಲಿ. ಅಂಗಡಿ ಕಡೆ ಇರ್ತಾರೆ, ನೋಡು. ಕಣ್ಣು ಮನೇಲಿಟ್ಟು ಬಂದ್ಯಾ?"

ಅಂಗಡಿ, ಶೌಚಾಲಯ, ಬಸ್ಸು ನಿಲ್ಲುವ ಜಾಗ ಎಲ್ಲ ಹುಡುಕಿದೆವು. ಎಲ್ಲೂ ಇರಲಿಲ್ಲ. ಆಗ ವ್ಯಾನಿನೊಳಗಿದ್ದ ದಪ್ಪನೆಯ ಪ್ರವಾಸಿಯೊಬ್ಬ ಹೇಳಿದ:

"ನಂಗೆ ಕಾಲು ನೋವು ಅಂತ ಅವರು ತಮ್ಮ ಕೋಲನ್ನೂ ನಂಗೇ ಕೊಟ್ರು. ಹಿಂದೆ ನಿಧಾನಕ್ಕೆ ಬರ್ತೀನಿ ಅಂದ್ರು. ನಾನು ಎರಡೂ ವಾಪಸ್ ಕೊಟ್ಟೆ."

ಗಂಡ ಹೆಂಡತಿಯ ಕೋಲನ್ನೂ ತಂದುಕೊಡುವುದು ಮಾಮೂಲು. ಅದಕ್ಕೇ ಎರಡು ಕೋಲು ಕಂಡರೂ ಮಾವ ಕೇಳಿರಲಿಲ್ಲ. ಅವರ ಮುಖ ಕಪ್ಪಿಟ್ಟಿತು. ಕೋಟು ಹಾಕಿಕೊಂಡರು.

"ಮಾವ, ನಿಮ್ಮ ಮಂಡಿ ನೋವು... ಬೆಟ್ಟದ ಗೈಡುಗಳಿಗೆ ಫೋನ್ ಮಾಡ್ತೀನಿ."

"ಮಾಡು. ಅವರು ಬರೋಷ್ಟರಲ್ಲಿ ಕತ್ತಲಾಗತ್ತೆ. ನೀನು ಇವರನ್ನ ಹಡಗಿಗೆ ಮುಟ್ಟಿಸು. ಖಾಲಿ ಅಂದಿದ್ದು ನನ್ನ ಬಾಯಿ."

ಎಲ್ಲರನ್ನೂ ಬಂದರಿಗೆ ಬಿಟ್ಟು ನಾನು ಮತ್ತೆ ಬೆಟ್ಟಕ್ಕೆ ಬಂದೆ. ಹಡಗು ಅಷ್ಟರಲ್ಲಿ ಹೊರಟಿತ್ತು. ಗೈಡುಗಳು ಆಗತಾನೆ ಬಂದು ಹತ್ತಲು ಹೊರಟಿದ್ದರು. ಅಷ್ಟರಲ್ಲಿ ಮಂಜಿನೊಳಗಿಂದ ಇಬ್ಬರು ಇಳಿದು ಬಂದರು. ಮಾವನ ಕೋಟು ಇಂಗಾ ಅವರ ಮೈಮೇಲಿತ್ತು. ಆಕೆ ಸಡಿಲ ಕಲ್ಲಿನ ಮೇಲೆ ಜಾರಿ ಬಿದ್ದು, ಏಳಲಾಗದೆ ಕೂಗುತ್ತಾ ಕೂತಿದ್ದರಂತೆ. ಕೈ ತರಚಿ ರಕ್ತ ಒಣಗಿತ್ತು.

ಮಾವ ಟೋಪಿ ತೆಗೆದು ಅವರೆದುರು ನಿಂತರು. "ನಾನು ನಿಮ್ಮನ್ನ ಎಣಿಸಲಿಲ್ಲ ತಾಯಿ. ಕೋಲು ಎಣಿಸಿದೆ."

ಆಕೆಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ಮಾವನ ಕೈ ಹಿಡಿದುಕೊಂಡರು, ಬಿಡಲಿಲ್ಲ.

ಆ ರಾತ್ರಿ ಆಕೆ ಮಾವನ ಮನೆಯಲ್ಲೇ ಉಳಿದರು. ಅತ್ತೆ ಅವರೆಕಾಳಿನಂಥ ಬಿಳಿ ಕಾಳು ಹಾಕಿ ಪಾಸ್ತಾ ಮಾಡಿ ಬಡಿಸಿದರು. ಮರುದಿನ ನಾನು ಅವರನ್ನು ಹಡಗಿನ ಮುಂದಿನ ಬಂದರಿಗೆ ಹೋಗುವ ರೈಲು ಹತ್ತಿಸಿದೆ.

ಮಾವ ಈಗಲೂ ಕೋಲು ಕೊಡುತ್ತಾರೆ. ಆದರೆ ಹೆಸರು ಕೇಳುತ್ತಾರೆ. ಇಳಿದು ಬಂದವರ ಮುಖ ನೋಡುತ್ತಾರೆ. "ಏನು ಮಾವ, ಪೊಲೀಸ್ ಕೆಲ್ಸ ಸಿಕ್ತಾ?" ಎಂದು ಡ್ರೈವರುಗಳು ಕಿಚಾಯಿಸುತ್ತಾರೆ. ಮಾವ ನಗುವುದಿಲ್ಲ. ಬೆಟ್ಟ ಖಾಲಿ ಎಂಬ ಮಾತು ಅವರ ಬಾಯಲ್ಲಿ ನಾನು ಮತ್ತೆ ಕೇಳಿಲ್ಲ.

ನೀವು ಈ ಕಡೆ ಬಂದರೆ ಅವರನ್ನು ಭೇಟಿಯಾಗಿ. ಹಡಗಿಗೆ ಎಷ್ಟೇ ಅವಸರವಿರಲಿ, ಬೆಟ್ಟ ಇಳಿದ ಮೇಲೆ ಅವರ ಎದುರಿಗೆ ಹೋಗಿ ನಿಂತು, ಬಂದೆ ಎಂದು ಹೇಳಿ.