ಇಪ್ಪತ್ತಮೂರು ಬೀಗದ ಕೈಗಳನ್ನು ಬಲ್ಲ ಅರ್ಗಿರೊ

ಬೆಳಗಿನ ಐದೂವರೆ. ರೆಥಿಮ್ನೊ ಪಟ್ಟಣದ ಬಂದರಿನ ಹಿಂದಿರುವ ಬಾಡಿಗೆ ಕಾರಿನ ಶೆಡ್ಡಿನಲ್ಲಿ ಅರ್ಗಿರೊ ಪತ್ರಾಕಿ ಒಂದು ಕೈಯಲ್ಲಿ ನೀರಿನ ಪೈಪು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತಿದ್ದಾರೆ. ಆ ಕಡೆ ಇರುವುದು ಬೆಟ್ಟದ ಹಳ್ಳಿಯ ಒಬ್ಬ ಅಜ್ಜಿ, ಕೇಳುತ್ತಿರುವುದು ಅರ್ಗಿರೊ. "ಇವತ್ತು ದ್ರಾಕ್ಷಿ ತೋಟಕ್ಕೆ ಹೋಗ್ತೀಯಾ, ಮನೇಲಿರ್ತೀಯಾ? ಹತ್ತೂವರೆಗೆ ಇಬ್ರು ಬರ್ತಾರೆ. ಗಂಡಸು ಚಡ್ಡಿ ಹಾಕಿರ್ತಾನೆ, ಬಯ್ಬೇಡ. ಏನಾದ್ರೂ ಬಟ್ಟೆ ಸುತ್ತಿಸಿ ಚರ್ಚೊಳಗೆ ಬಿಡು."

ಸಂಬಳದ ಚೀಟಿಯ ಪ್ರಕಾರ ಅರ್ಗಿರೊ ಕಾರು ತೊಳೆಯುವ ಹೆಂಗಸು. ವಯಸ್ಸು ಐವತ್ತೊಂಬತ್ತು. ದಿನಕ್ಕೆ ಹನ್ನೊಂದು ಕಾರು, ಸೀಸನ್ನಿನಲ್ಲಿ ಹದಿನಾರು. ಆದರೆ ಕಾರು ಒಯ್ಯುವವರು ಮಾಲೀಕರ ಕೋಣೆಯಿಂದ ಹೊರಬಂದು ನೇರ ಇವರ ಮುಂದೆ ನಿಲ್ಲುತ್ತಾರೆ. ಹಳೆಯ ಚರ್ಚು ನೋಡಬೇಕು, ಯಾವ ಕಡೆಯಿಂದ ಹೋಗಲಿ ಎಂದು ಕೇಳುತ್ತಾರೆ. ಅರ್ಗಿರೊ ಒದ್ದೆ ಕೈ ಒರೆಸಿಕೊಂಡು ಬೇಕರಿಯ ಕಂದು ಕಾಗದದ ಮೇಲೆ ದಾರಿ ಬರೆದುಕೊಡುತ್ತಾರೆ.

ನಮ್ಮ ಬೆಟ್ಟದ ಚರ್ಚುಗಳ ಗೋಡೆಯ ಮೇಲೆ ಏಳುನೂರು ವರ್ಷದ ಚಿತ್ರಗಳಿವೆ. ಬಾಗಿಲಿಗೆ ಬೀಗವಿದೆ. ಬೀಗದ ಕೈ ಮಾತ್ರ ಊರಿನಲ್ಲಿ ಯಾರದೋ ಮನೆಯ ಮೊಳೆಯಲ್ಲಿ ತೂಗುತ್ತಿರುತ್ತದೆ. ಯಾರ ಮನೆ, ಅವರು ಎಷ್ಟು ಹೊತ್ತಿಗೆ ಮಲಗುತ್ತಾರೆ, ಮೇಕೆ ಕರೆಯುವುದು ಯಾವಾಗ, ಇದನ್ನೆಲ್ಲ ಯಾವ ನಕ್ಷೆಯೂ ಹೇಳುವುದಿಲ್ಲ. ಫೋನಿನ ನಕ್ಷೆಯನ್ನು ನಂಬಿ ಹೋಗಿ, ಒಂದೇ ದಿನ ಮೂರು ಬೀಗಗಳ ದರ್ಶನ ಮಾಡಿಕೊಂಡು ಬಂದ ಜಾಣ ನಾನೇ. ಅರ್ಗಿರೊ ತಲೆಯಲ್ಲಿ ಇಪ್ಪತ್ತಮೂರು ಬೀಗದ ಕೈಗಳ ದಿನಚರಿ ಇದೆ. ಇವರು ಹಾಕುವ ದಾರಿ ಸುತ್ತಾಗಬಹುದು, ಆದರೆ ಬಾಗಿಲು ತೆರೆದಿರುತ್ತದೆ.

ಇದೆಲ್ಲ ಬಂದದ್ದು ಬಸ್ಸಿನಿಂದ. ಬೆಟ್ಟದ ಬಸ್ಸಿನಲ್ಲಿ ಹದಿನೆಂಟು ವರ್ಷ ಕಂಡಕ್ಟರ್ ಆಗಿದ್ದರು. "ಆ ಹಳ್ಳಿಯೋರ ಮಾತ್ರೆ, ಚೀಸು, ಕಾಲು ಕಟ್ಟಿದ ಕೋಳಿ, ಎಲ್ಲಾ ನನ್ ತೊಡೆ ಮೇಲೇ ಊರು ಸೇರ್ತಿತ್ತು. ಈಗ ನಾನು ಫೋನ್ ಮಾಡಿದ್ರೆ ಇಲ್ಲ ಅಂತಾರಾ?" ಆಮೇಲೆ ಕಂಡಕ್ಟರುಗಳೇ ಬೇಡವೆಂದಾಯಿತು. ಅದೇ ವರ್ಷ ಕಲ್ಲಿನ ಕ್ವಾರಿಯಲ್ಲಿ ಗಂಡ ಸ್ತ್ರಾತಿಸ್ ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದರು. ಅರ್ಗಿರೊ ಎರಡು ವರ್ಷ ಊರವರ ಮನೆಯ ಮೆಟ್ಟಿಲು ಒರೆಸಿ, ಕೊನೆಗೆ ಈ ಶೆಡ್ಡಿಗೆ ಬಂದರು.

ಈ ವಸಂತದಲ್ಲಿ ಹಳೆಯ ಚರ್ಚುಗಳನ್ನು ನೋಡಿಕೊಳ್ಳುವ ಪಟ್ಟಣದ ಕಚೇರಿಯಿಂದ ವ್ರಿಸಾಕಿ ಹಳ್ಳಿಗೆ ಪತ್ರ ಬಂತು. ಅಲ್ಲಿನ ಚರ್ಚು ನೋಡಲು ಯಾರೂ ಬರುತ್ತಿಲ್ಲ, ಬೇಸಿಗೆ ಮುಗಿಯುವುದರೊಳಗೆ ಇದೇ ಸ್ಥಿತಿಯಾದರೆ ಬೀಗದ ಕೈಯನ್ನು ಪಟ್ಟಣಕ್ಕೆ ಒಯ್ಯುತ್ತೇವೆ ಎಂದು. ಆ ಬೀಗದ ಕೈ ಇರುವುದು ಎಂಬತ್ತನಾಲ್ಕರ ಮೀರೊನ್ ಅಜ್ಜನ ಬಳಿ. ಅವರ ಅಪ್ಪನ ಕಾಲದಿಂದ ಅದು ಆ ಮನೆಯಲ್ಲೇ ಇದೆ. ಅಜ್ಜ ಫೋನಿನಲ್ಲಿ ಅತ್ತುಬಿಟ್ಟರಂತೆ. ಅಂದಿನಿಂದ ಅರ್ಗಿರೊ ಬರೆದ ಪ್ರತಿ ದಾರಿಯೂ ವ್ರಿಸಾಕಿಯ ಮೇಲೆಯೇ ಹೋಯಿತು. ಸಮುದ್ರಕ್ಕೆಂದು ಹೊರಟವರೂ ಬೆಟ್ಟ ಹತ್ತಿ ಇಳಿದರು.

ಆಗಸ್ಟ್ ಎಂಟರಂದು ಮಾತ್ರ ಅರ್ಗಿರೊ ಎಡವಿದರು. ಅಂದು ಸಂತ ಮೀರೊನನ ದಿನ, ಅಂದರೆ ಆ ಹೆಸರಿನವರೆಲ್ಲರ ಹಬ್ಬ. ಹೆಸರಿನ ಹಬ್ಬದ ಮನುಷ್ಯ ಹೊಸ್ತಿಲು ಬಿಟ್ಟು ಕದಲುವುದಿಲ್ಲ, ಬಂದವರನ್ನು ಉಣ್ಣಿಸದೆ ಬಿಡುವುದಿಲ್ಲ. ಇದನ್ನು ಮರೆತು ಮೂರು ಕಾರು ಕಳಿಸಿದರು. ಆ ಹನ್ನೊಂದು ಜನರೂ ಅಜ್ಜನ ಮನೆಯಲ್ಲಿ ಬಸವನಹುಳುವಿನ ಸಾರು, ಅವರೆ, ರಾಕಿ ಎಂಬ ಸಾರಾಯಿಯ ಮುಂದೆ ಕುಳಿತವರು ಸಂಜೆಯವರೆಗೆ ಏಳಲಿಲ್ಲ. ಚರ್ಚಿಗೆ ಬೀಗ. ಕಚೇರಿಯ ಅಧಿಕಾರಿ ತಪಾಸಣೆಗೆ ಬಂದದ್ದೂ ಅದೇ ದಿನ. ಕಾವಲುಗಾರ ಕೆಲಸದಲ್ಲಿಲ್ಲ ಎಂದು ಬರೆದುಕೊಂಡು ಹೋದರು.

ಅರ್ಗಿರೊ ಅಜ್ಜನಿಗೆ ಫೋನಿನಲ್ಲಿ ಚೆನ್ನಾಗಿ ಬಿಸಿ ಮುಟ್ಟಿಸಿದರು. ಅಜ್ಜನೂ ಬಿಡಲಿಲ್ಲ. "ನನ್ ಹಬ್ಬ ಮರೆತೋಳು ನೀನು. ಶುಭಾಶಯಕ್ಕೊಂದು ಫೋನಾದ್ರೂ ಮಾಡಿದ್ಯಾ?" ಅರ್ಗಿರೊಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ. ಮರುದಿನ ರಜೆ ಹಾಕಿ, ರಬ್ಬರ್ ಬೂಟಿನಲ್ಲೇ ಕಚೇರಿಗೆ ಹೋದರು. ಅಧಿಕಾರಿ ಮೊದಲು ಕುರ್ಚಿಯನ್ನೂ ಕೊಡಲಿಲ್ಲ. ಮುಕ್ಕಾಲು ಗಂಟೆಯ ನಂತರ ಕಾಫಿ ತರಿಸಿದರು.

ಈಗ ಸೆಪ್ಟೆಂಬರ್. ಬೀಗದ ಕೈ ಮೀರೊನ್ ಅಜ್ಜನ ಮನೆಯಲ್ಲೇ ಇದೆ, ಕಚೇರಿ ತನ್ನ ಪತ್ರವನ್ನು ವಾಪಸು ಪಡೆದಿದೆ. ನನಗೆ ಈ ಹೆಂಗಸಿನ ಬಗ್ಗೆ ಎದೆ ತುಂಬ ಹೆಮ್ಮೆ. ಒಳಗೆ ಅಂಥದ್ದೇನು ಹೇಳಿದಿರಿ ಎಂದು ಕೇಳುತ್ತೇನೆ. ಅರ್ಗಿರೊ ಪೈಪಿನ ನೀರು ನಿಲ್ಲಿಸುತ್ತಾರೆ.

"ಆ ಚಿತ್ರಗಳ ಬಗ್ಗೆ ನಿನಗೇನು ಗೊತ್ತು ಅಂತ ಕೇಳಿದ್ರು. ಏನೂ ಗೊತ್ತಿಲ್ಲ ಸ್ವಾಮಿ, ಒಂದ್ಸಲಾನೂ ನೋಡಿಲ್ಲ, ಅಲ್ಲಿ ಬಸ್ಸು ನಿಲ್ತಿದ್ದಿದ್ದೇ ನಾಲ್ಕು ನಿಮಿಷ ಅಂದೆ. ಆದ್ರೆ ನಾನು ಕಳಿಸಿದೋರು ಯಾರೂ ಬರೀ ಬೀಗ ನೋಡ್ಕೊಂಡು ವಾಪಸ್ ಬಂದಿಲ್ಲ. ಒಂದೇ ಒಂದಿನ ಹಂಗೆ ಬಂದ್ರು. ಆವತ್ತೂ ಹಸ್ಕೊಂಡು ಬರ್ಲಿಲ್ಲ."