ನಾನೇ ಒರೆಸಿದ ಗುರುತು

ಸೊಸೆಗೆ ಬುದ್ಧಿ ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಮೊಮ್ಮಗನಿಗೆ ಒಂದೂವರೆ ವರ್ಷ. ಎರಡು ಸಲ ಚುಚ್ಚುಮದ್ದು ಹಾಕಿಸಿದವಳು ಆಮೇಲೆ ದವಾಖಾನೆಯ ಕಡೆ ತಲೆ ಹಾಕಿರಲಿಲ್ಲ. ಮುಂಬಯಿಯ ಪಾರ್ಲೆಯಲ್ಲಿರುವ ನಮ್ಮ ಬಿಲ್ಡಿಂಗಿನ ಹಿಂದಿನ ಚಾಳಿನಲ್ಲಿ ಆಗಲೇ ಇಬ್ಬರು ಮಕ್ಕಳಿಗೆ ದಡಾರ ಬಂದಿತ್ತು. ಇವಳಿಗೆ ಮಾತ್ರ ಮೊಬೈಲಿನ ಅಮ್ಮಂದಿರ ಗ್ರೂಪೇ ವೇದ.

"ಹಾಕಿಸೋಣ ಅತ್ತೆ, ಇತ್ನಾ ಜಲ್ದಿ ಏನಿದೆ?"

"ದಡಾರ ನಿನ್ನ ಕೇಳಿ ಬರ್ತದೇನವಾ?"

ಮಗನಿಗೆ ಹೇಳಿದರೆ, "ಅವ್ವಾ, ಅಕೀನ್ನ ಕೇಳು," ಎಂದು ಲೋಕಲ್ ಟ್ರೇನು ಹಿಡಿಯಲು ಓಡುತ್ತಿದ್ದ. ಪುಣ್ಯಾತ್ಮ, ಮಗು ತನ್ನದಲ್ಲವೆಂಬಂತೆ!

ಮಹಾನಗರಪಾಲಿಕೆಯ ಮೇಲೂ ನನಗೆ ಸಿಟ್ಟು. ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ವಿಜಯಪುರದ ಕಡೆಯವಳು. ಎರಡು ಸಲ ಬಂದಿದ್ದಳು, ಎರಡು ಸಲವೂ ಸೊಸೆ ಬಾಗಿಲಲ್ಲೇ ಸಾಗಹಾಕಿದ್ದಳು. ಆಮೇಲೆ ಯಾರೂ ಇತ್ತ ಸುಳಿಯಲಿಲ್ಲ. ಧಾರಾವಿಯ ಕೊಳೆಗೇರಿಯಲ್ಲಾದರೆ ಡಾಕ್ಟರೇ ಮನೆಗೆ ಬಂದು ಕೂತು ತಿಳಿಹೇಳುತ್ತಾರಂತೆ. ಲಿಫ್ಟ್ ಇರುವ ಬಿಲ್ಡಿಂಗ್ ಎಂದರೆ ಪಾಲಿಕೆಯವರಿಗೆ ಅಸಡ್ಡೆ ಎಂದು ಕಂಡಕಂಡವರ ಮುಂದೆ ಬೈದುಕೊಂಡು ತಿರುಗಿದೆ.

ಮೂರನೆಯ ಸಲ ಆ ಕಾರ್ಯಕರ್ತೆ ಬಂದಾಗ ಸೊಸೆ ಆಫೀಸಿಗೆ ಹೋಗಿದ್ದಳು. ಲಿಫ್ಟಿನ ಹತ್ತಿರವೇ ಹಿಡಿದು ನಿಲ್ಲಿಸಿ, ಡಾಕ್ಟರನ್ನು ಯಾಕೆ ಕರೆತರಲಿಲ್ಲ ಎಂದು ಜಬರಿಸಿದೆ.

"ಅಮ್ಮಾರ, ಡಾಕ್ಟರ್ ಬರಬೇಕಂದ್ರ ಬಾಗಲಾ ಮ್ಯಾಲ ಗುರ್ತು ಇರಬೇಕ್ರಿ. ಈ ಮನ್ಯಾಗ ಸೂಜಿ ಬಾಕಿ ಐತಿ ಅಂತ ನಾ ಎರಡೂ ಸಲ ಸೀಮಿಸುಣ್ಣದಾಗ ಗುಣಾಕಾರದ ಗುರ್ತು ಹಾಕೇನಿ. ಯಾರ ಒರಸ್ತಾರೋ ಏನೋ!"

ಒರೆಸಿದವಳು ನಾನೇ. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಬಾಗಿಲು, ಹೊಸ್ತಿಲು ಒರೆಸಿ ರಂಗೋಲಿ ಎಳೆಯುವುದು ನನ್ನ ಕೆಲಸ. ಯಾವುದೋ ಹುಡುಗರ ಕಿತಾಪತಿ ಎಂದುಕೊಂಡು, ಬೈಯುತ್ತ ಬೈಯುತ್ತ ಎರಡು ಸಲವೂ ತಿಕ್ಕಿ ತೆಗೆದಿದ್ದೆ.

"ನಿಮ್ಮ ಪುಸ್ತಕದಾಗ ಬರಕೊಂಡಿಲ್ಲೇನ?"

"ಪುಸ್ತಕ ಆಫೀಸಿನಾಗ ಐತ್ರಿ. ಡಾಕ್ಟರ್ ಬಾಗಲಾ ನೋಡ್ಕೋತ ಹೋಗ್ತಾರ."

ಇಷ್ಟು ದೊಡ್ಡ ಊರಿನ ಆಡಳಿತ ಒಂದು ಸೀಮೆಸುಣ್ಣದ ಗೀಟಿನ ಮೇಲೆ ನಿಂತಿದೆ, ಆ ಗೀಟನ್ನು ನಾನು ತಿಕ್ಕಿ ಹಾಕಿದ್ದೇನೆ! ಇನ್ನು ಯಾರ ಮೇಲೆ ಹರಿಹಾಯುವುದು? ಅವಳ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು ಬಾಗಿಲ ತುಂಬ ನಾನೇ ಗುಣಾಕಾರ ಬರೆದೆ.

ಸಂಜೆ ಸೊಸೆ ಕೆಂಡವಾದಳು. "ಪೂರಾ ಬಿಲ್ಡಿಂಗಿಗೆ ನನ್ನ ತಮಾಷಾ ತೋರಿಸ್ತೀರಾ ಅತ್ತೆ?"

"ತೋರಸ್ತೀನಿ. ಒರಸಿದ್ರ ಮತ್ತ ಬರೀತೀನಿ."

ಮೂರನೆಯ ದಿನ ಸೊಸೆ ಮನೆಯಲ್ಲಿದ್ದಾಗಲೇ ಡಾಕ್ಟರಮ್ಮ ಬಂದರು. ನಾನು ದೂರಿನ ಗಂಟು ಬಿಚ್ಚುವಷ್ಟರಲ್ಲಿ ಕೈಸನ್ನೆ ಮಾಡಿ ಸುಮ್ಮನಿರಿಸಿ, ಸೊಸೆಯ ಎದುರು ಕೂತು ಹಿಂದಿಯಲ್ಲಿ ಒಂದೇ ಮಾತು ಕೇಳಿದರು. ಹಿಂದಿನ ಸಲ ಏನಾಗಿತ್ತು?

ಸೊಸೆಯ ಕಣ್ಣು ತುಂಬಿತು. ಎರಡನೆಯ ಚುಚ್ಚುಮದ್ದಿನ ಸಂಜೆ ಮಗುವಿನ ಮೈ ಸುಡುತ್ತಿತ್ತಂತೆ. ಕೈಕಾಲು ಆಡದೆ ನನ್ನನ್ನು ಕರೆದಳಂತೆ. ನಾನು ಸೀರಿಯಲ್ ನೋಡುತ್ತ, 'ಏನಾಗಂಗಿಲ್ಲ ಬಿಡು' ಎಂದೆನಂತೆ. ಎದ್ದು ಬರಲೇ ಇಲ್ಲವಂತೆ.

ನನಗೆ ಆ ಸಂಜೆ ನೆನಪೂ ಇರಲಿಲ್ಲ. ನಾಚಿಕೆಯಾಯಿತು.

ಜ್ವರ ಯಾಕೆ ಬರುತ್ತದೆ, ಬಂದರೆ ಏನು ಮಾಡಬೇಕು, ಯಾವಾಗ ಓಡಿ ಬರಬೇಕು ಎಂದು ಡಾಕ್ಟರಮ್ಮ ಅವಸರವಿಲ್ಲದೆ ಹೇಳಿದರು. ಸೊಸೆ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ನನ್ನತ್ತ ತಿರುಗಿದಳು.

"ನಾಳೆ ಹಾಕಿಸ್ತೀನಿ. ಆದ್ರೆ ಅತ್ತೆ, ನೀವು ನನ್ನ ಸಾಥ್ ಕೂತ್ಕೋಬೇಕು."

ಮರುದಿನ ಹಾಕಿಸಿದೆವು. ಸಂಜೆ ಮಗುವಿನ ಮೈ ಬೆಚ್ಚಗಾಯಿತು. ಸೊಸೆ ನನ್ನ ಮುಖ ನೋಡಿದಳು. 'ಏನಾಗಂಗಿಲ್ಲ' ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಟಿವಿ ಬಂದ್ ಮಾಡಿ, ಒದ್ದೆ ಬಟ್ಟೆ ಹಿಡಿದು ಅವಳ ಪಕ್ಕ ಕೂತೆ.