ವನಜಾ ಟೀಚರ್ ಕೊಟ್ಟ ಚೆಂಬು

ವನಜಾ ಟೀಚರ್ ಸ್ಪ್ಯಾನಿಷ್ ಪಾಠ ಹೇಳುತ್ತ ಹೇಳುತ್ತಲೇ ತಮ್ಮ ಮನೆಯನ್ನು ಹಂಚಿ ಖಾಲಿ ಮಾಡಿದರು. ನಡೆದದ್ದು ಇಷ್ಟೇ. ಬಿಲ್ಡಿಂಗಿನವರು ಬೇರೆ ಏನೇನೋ ಹೇಳುತ್ತಾರೆ, ಹೇಳಲಿ. ಆ ಕೋಣೆಯಲ್ಲಿ ಕೂತು ನೋಡಿದವಳು ನಾನು.

ಡೊಂಬಿವ್ಲಿಯ ನಮ್ಮ ಬಿಲ್ಡಿಂಗಿನಲ್ಲಿ ಅವರದು ನಮ್ಮ ಎದುರಿನ ಬಾಗಿಲು. ಉಡುಪಿಯ ಕಡೆಯವರು, ಮದುವೆಯಾದವರಲ್ಲ. ಮುಂಬಯಿಯ ಒಂದು ಹಡಗು ಕಂಪನಿಯ ಆಫೀಸಿನಲ್ಲಿದ್ದಾಗ ಸ್ಪ್ಯಾನಿಷ್ ಕಲಿತು, ರಿಟೈರ್ ಆದ ಮೇಲೆ ಕಲಿಸಲು ಕೂತರು. ಮನೆಯೊಳಗೂ ಕೈಗೆ ವಾಚು ಕಟ್ಟಿಕೊಂಡು, ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು ಇರುತ್ತಿದ್ದರು. ಕೈಯಲ್ಲಿ ಏನಾದರೊಂದು ಇದ್ದೇ ಇರಬೇಕು: ಲೋಟ, ಸೌಟು, ಬಾಚಣಿಗೆ. ಇಲ್ಲದಿದ್ದರೆ ಅವರ ಬಾಯಿಂದ ಆ ಭಾಷೆ ಹೊರಡುತ್ತಿರಲಿಲ್ಲ.

“ಕೈ ಖಾಲಿ ಇಟ್ಕೊಂಡು ಕೊಡ್ತೇನೆ ಅಂತ ಹೇಳ್ಬೇಡ. ಏನಾದ್ರೂ ಹಿಡ್ಕೋ,” ಎಂದು ನನ್ನ ಮೊಮ್ಮಗಳು ಪ್ರಾಚಿಯನ್ನು ಗದರುತ್ತಿದ್ದರು. ಪ್ರಾಚಿಗೆ ಐರೋಲಿಯ ಒಂದು ಕಂಪನಿಯಲ್ಲಿ ಕೆಲಸ ಸಿಗುವ ಹಾಗಿತ್ತು. ಹೊರದೇಶದವರ ಫೋನಿಗೆ ಸ್ಪ್ಯಾನಿಷಿನಲ್ಲಿ ಉತ್ತರ ಕೊಡುವ ಕೆಲಸ. ಅದಕ್ಕೊಂದು ಪರೀಕ್ಷೆ ಇತ್ತು. ಹುಡುಗಿ ಉಳಿದದ್ದೆಲ್ಲ ಕಲಿತು, ‘ನನಗೆ, ನಿನಗೆ, ಅದನ್ನು, ಇದನ್ನು’ ಎನ್ನುವ ಪುಟ್ಟ ಪುಟ್ಟ ಮಾತುಗಳ ಹತ್ತಿರ ಬಂದು ಮುಗ್ಗರಿಸಿದ್ದಳು.

ಆ ಪಾಠಕ್ಕೆ ಮೂರು ಜನ ಬೇಕಂತೆ. “ನಾನು, ನೀನು ಇಬ್ರೇ ಇದ್ರೆ ‘ಅವಳಿಗೆ’ ಅಂತ ಯಾರನ್ನು ತೋರಿಸುದು? ಗಿರಿಜಕ್ಕ, ನೀವು ಬಂದು ಕೂತ್ಕೊಳ್ಳಿ,” ಎಂದರು ಟೀಚರ್. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಹೀಗೆ ಮತ್ತೆ ಪಾಠಕ್ಕೆ ಕೂತೆ, ‘ಅವಳು’ ಆಗಿ.

ಪ್ರಾಚಿ ಇಂಗ್ಲಿಷಿನ ಹಾಗೆ ‘ಕೊಡ್ತೇನೆ’ ಎನ್ನುವುದನ್ನು ಮೊದಲು ಹೇಳುತ್ತಿದ್ದಳು. ಟೀಚರ್ ಲೋಟವನ್ನು ನನ್ನ ಕೈಗಿತ್ತರು.

“ಗಿರಿಜಕ್ಕ, ಇವಳಿಗೆ ಲೋಟ ಕೊಡುವಾಗ ಏನು ಹೇಳ್ತೀರಿ?”

“ಏನೂ ಹೇಳುದಿಲ್ಲ. ಕೊಡ್ತೇನೆ.”

“ಅಯ್ಯೋ ಮಾರಾಯ್ತಿ, ಹೇಳಿ ನೋಡುವಾ.”

“ನಿನಗೆ ಇದನ್ನು ಕೊಡ್ತೇನೆ.”

“ಕೇಳಿದ್ಯಾ ಪ್ರಾಚಿ? ತೇ ಲೋ ದೋಯ್. ತೇ ಅಂದ್ರೆ ನಿನಗೆ, ಲೋ ಅಂದ್ರೆ ಇದನ್ನು, ದೋಯ್ ಅಂದ್ರೆ ಕೊಡ್ತೇನೆ. ಸಾಲು ಅಜ್ಜಿ ಹೇಳಿದ್ದೇ. ಯಾರಿಗೆ ಅಂತ ಮೊದಲು, ಏನನ್ನು ಅಂತ ಮತ್ತೆ, ಕೊಡುದು ಕಡೆಗೆ.”

“ಅಜ್ಜಿ ಕೋ ಸ್ಪ್ಯಾನಿಷ್ ಆತೀ ಹೈ!” ಎಂದು ಪ್ರಾಚಿ ನಕ್ಕಳು. ಅಜ್ಜಿಗೆ ಸ್ಪ್ಯಾನಿಷ್ ಬರುತ್ತದಂತೆ. ನಾನು ಮಾತಾಡಿದ್ದು ಕನ್ನಡ.

‘ಅವಳಿಗೆ’ ಎನ್ನಲು ‘ಲೇ’ ಎನ್ನಬೇಕು. ಆದರೆ ಲೇ, ಲೋ ಒಟ್ಟಿಗೆ ಬಂದರೆ ಮೊದಲಿನದು ‘ಸೇ’ ಆಗುತ್ತದೆ. ಆ ಭಾಷೆಯಲ್ಲಿ ಲೋಟ ಗಂಡು, ಅದಕ್ಕೆ ಲೋ. ಚೆಂಬು ಹೆಣ್ಣು, ಅದಕ್ಕೆ ಲಾ. ಇವೆಲ್ಲ ಕೇಳಿ ಕೇಳಿ ನನಗೂ ಬಾಯಿಗೆ ಬಂದವು. ಮನೆಯಲ್ಲಿ ಚಟ್ನಿ ರುಬ್ಬುವಾಗ ಹೇಳಿಕೊಳ್ಳುತ್ತಿದ್ದೆ.

ಮೊದಮೊದಲು ಪಾಠ ಮುಗಿದ ಮೇಲೆ ಎಲ್ಲ ಪಾತ್ರೆಗಳೂ ಅವರ ಶೆಲ್ಫಿಗೇ ವಾಪಸು ಹೋಗುತ್ತಿದ್ದವು. ಒಂದು ದಿನ ಅವರು ಪ್ರಾಚಿಗೆ ಕೊಟ್ಟ ಲೋಟದಲ್ಲಿ ಒಂದು ತುಂಡು ಬೆಲ್ಲವಿತ್ತು. ಪ್ರಾಚಿ ಬೆಲ್ಲ ಬಾಯಿಗೆ ಹಾಕಿ ಲೋಟವನ್ನು ಶೆಲ್ಫಿನಲ್ಲಿಟ್ಟಳು. ಟೀಚರ್ ಎದ್ದು ಹೋಗಿ ಅದನ್ನು ತೆಗೆದು ಅವಳ ಬ್ಯಾಗಿಗೆ ಹಾಕಿದರು. “ತಗೊಂಡ್ಹೋಗು. ಮನೇಲಿ ಪ್ರಾಕ್ಟೀಸ್ ಮಾಡ್ಲಿಕ್ಕೆ ಬೇಕಲ್ಲ,” ಎಂದರು.

ನನಗೆ ಆಗಲೇ ಮನಸ್ಸು ಕಸಿವಿಸಿಯಾಯಿತು. ನಮ್ಮ ಕಡೆ ಮನೆಯಿಂದ ಮನೆಗೆ ಪಾತ್ರೆ ಬರಿದಾಗಿ ಹೋಗುವುದಿಲ್ಲ. ಕೊಡುವುದಾದರೆ ಒಂದು ತುಂಡು ಬೆಲ್ಲವನ್ನೋ ಹಿಡಿ ಅಕ್ಕಿಯನ್ನೋ ಹಾಕಿಯೇ ಕೊಡುವುದು. ಪಾಠಕ್ಕೆಂದು ಆಚೆಯಿಂದ ಈಚೆ ದಾಟಿಸುವ ಲೋಟಕ್ಕೆ ಯಾರೂ ಬೆಲ್ಲ ಹಾಕುವುದಿಲ್ಲ.

ಆಮೇಲೆ ಸೌಟು ಹೋಯಿತು, ಕಾಫಿ ಫಿಲ್ಟರು ಹೋಯಿತು, ಇಡ್ಲಿ ಪಾತ್ರೆ ಹಿಡಿ ಅಕ್ಕಿಯ ಸಮೇತ ಬೇರೆ ಶಿಷ್ಯೆಯೊಬ್ಬಳ ಜೊತೆ ದಿವಾ ಸ್ಟೇಷನ್ನಿನ ಕಡೆಗೆ ಹೋಯಿತು. ಪ್ರತಿ ಸಲವೂ ಒಂದು ವಾಕ್ಯ, ಆಮೇಲೆ ಪ್ರಾಕ್ಟೀಸಿನ ಮಾತು. ಒಂದು ಸಂಜೆ ಅವರು ತಮ್ಮ ತಾಯಿಯ ಹಿತ್ತಾಳೆ ಚೆಂಬನ್ನು ಎತ್ತಿಕೊಂಡು, ಪ್ರಾಚಿಯನ್ನು ನೋಡುತ್ತ, “ಸೇ ಲಾ ದೋಯ್,” ಎಂದು ನನ್ನ ಕೈಯಲ್ಲಿಟ್ಟರು. ಇವಳಿಗೆ ಇದನ್ನು ಕೊಡುತ್ತೇನೆ. ಚೆಂಬು ವಾಲಿಸಿದಾಗ ಒಳಗೆ ಬೆಲ್ಲ ಉರುಳಿದ ಸದ್ದಾಯಿತು. ನಾನು ಅವರ ಮುಖ ನೋಡಿದೆ. ಅವರು ಕಿಟಕಿಯ ಆಚೆ ನೋಡಿದರು.

ಪ್ರಾಚಿಯನ್ನು ಹಾಲು ತರಲು ಕಳಿಸಿ ನೇರವಾಗಿ ಕೇಳಿದೆ.

“ಎಂಥ ಕಾಯಿಲೆ ಟೀಚರ್?”

“ಯಾಕೆ ಗಿರಿಜಕ್ಕ?”

“ಬ್ಲೌಸು ಹೆಗಲಿಂದ ಜಾರ್ತಾ ಉಂಟು.”

“ಹೊಟ್ಟೆಯೊಳಗೆ ಉಂಟಂತೆ. ಠಾಣೆಯ ಡಾಕ್ಟರು ಕೊಯ್ದು ಪ್ರಯೋಜನ ಇಲ್ಲ ಅಂದ್ರು. ಪ್ರಾಚಿಗೆ ಹೇಳ್ಬೇಡಿ, ಪಾಠ ಮುಗೀಲಿ.”

“ಮೊದಲು ಮುಗಿಯುದು ಪಾಠವಾ, ನೀವಾ?”

ಟೀಚರ್ ಬಾಯ್ತುಂಬ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅಳಲಿಲ್ಲ. ಅಳುವವರು ಎದುರಿಗಿರಬಾರದೆಂದೇ ಅವರು ಇಷ್ಟೆಲ್ಲ ಪಾಠ ಹೂಡಿದ್ದು. ಅವರ ಅಣ್ಣನ ಮಗ ನಿತಿನನಿಗೆ ಹೇಳಿದ್ದೀರಾ ಎಂದು ಕೇಳಿದೆ. “ಬಂದ್ರೆ ಹೇಳ್ತೇನೆ. ಫೋನಿನಲ್ಲಿ ಹೇಳುವ ಮಾತಲ್ಲ ಇದು,” ಎಂದರು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಅವನ ಅಂಗಡಿ. ಅವನು ಬರಲಿಲ್ಲ.

ಪ್ರಾಚಿ ಪರೀಕ್ಷೆ ಪಾಸಾಗಿ ಹೇಳಲು ಹೋದಾಗ ನಾನೂ ಜೊತೆಗಿದ್ದೆ. ಅದೇ ಕೊನೆಯ ಭೇಟಿ. ಕೋಣೆಯಲ್ಲಿ ಮಂಚ, ಮೇಜು, ಒಂದು ಲೋಟ ಬಿಟ್ಟರೆ ಬೇರೇನೂ ಇರಲಿಲ್ಲ. ಟೀಚರ್ ಮಲಗಿದ್ದಲ್ಲಿಂದಲೇ ಲೋಟದ ಕಡೆ ಬೆರಳು ತೋರಿಸಿದರು. ಪ್ರಾಚಿ ನೀರು ತುಂಬಿ, ಎಡವದೆ, “ತೇ ಲೋ ದೋಯ್,” ಎಂದು ಕೊಟ್ಟಳು. ಟೀಚರ್ ಒಂದು ಗುಟುಕು ಕುಡಿದು, “ಸರಿಯಾಯ್ತು,” ಎಂದರು. ನನ್ನ ಕಡೆ ತಿರುಗಿ, “ಇನ್ನು ಇವಳ ಜೊತೆ ಸ್ಪ್ಯಾನಿಷ್ ನೀವೇ ಮಾತಾಡ್ಬೇಕು ಗಿರಿಜಕ್ಕ,” ಎಂದರು. ಆ ವಾರವೇ ತೀರಿಕೊಂಡರು.

ನಿತಿನ್ ಬಂದು ಎಲ್ಲ ಕಾರ್ಯ ಸರಿಯಾಗಿ ಮಾಡಿದ. ಅದಾದ ಮೇಲೆ ಒಂದು ಸಂಜೆ ಸಾಮಾನು ಒಯ್ಯಲು ಟೆಂಪೊ ತಂದ. ಬೀಗ ತೆಗೆದು ಒಳಗೆ ನೋಡಿ, ನೇರ ನಮ್ಮ ಬಾಗಿಲಿಗೆ ಬಂದ.

“ಆಂಟಿ, ಘರ್ ಮೇ ಕುಛ್ ಭೀ ನಹೀಂ ಹೈ, ಏನೂ ಇಲ್ಲ. ಅತ್ತೆಯ ಸಾಮಾನ್ ಎಲ್ಲಿ?”

“ಕೊಟ್ರು. ಯಾರ್ಯಾರಿಗೋ ಕೊಟ್ರು. ನನಗೂ ಒಂದು ಚೆಂಬು ಕೊಟ್ರು.”

ಪ್ರಾಚಿ ಒಳಗಿನಿಂದ ಬಂದಳು. “ಅಜ್ಜಿ, ವೋ ತೋ ಪ್ರಾಕ್ಟೀಸ್ ಥಾ. ಪಾಠಕ್ಕೆ ಕೊಟ್ಟದ್ದು. ನಾವು ವಾಪಸ್ ಕೊಡ್ಬೇಕು,” ಎಂದು ಲೋಟ, ಸೌಟು, ಫಿಲ್ಟರು ಎಲ್ಲ ತಂದು ಅವನ ಮುಂದಿಟ್ಟಳು.

“ಸುಮ್ನಿರು. ಪಾಠದ್ದಾದ್ರೆ ಅದರೊಳಗೆ ಬೆಲ್ಲ ಯಾಕಿತ್ತು? ನೀನು ಬೆಲ್ಲ ತಿಂದೆ, ಅವರ ಕೈ ನೋಡ್ಲಿಲ್ಲ. ಒಳಗಿಡು ಎಲ್ಲ.”

ನಿತಿನನಿಗೆ ಬೆಲ್ಲದ ಮಾತು ಅರ್ಥವಾಗಲಿಲ್ಲ. ಅವನು ಹುಟ್ಟಿ ಬೆಳೆದದ್ದು ಇಲ್ಲಿ. ಬಿಡಿಸಿ ಹೇಳಿದೆ. ನಾವು ಕದ್ದೆವೆಂದು ಅವನು ಜಗಳಕ್ಕೆ ನಿಲ್ಲುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ಅಡುಗೆಮನೆಯಲ್ಲಿದ್ದ ಚೆಂಬನ್ನೇ ನೋಡುತ್ತ ನಿಂತ.

“ನಮ್ಮಜ್ಜಿ ಇದರಲ್ಲೇ ನನಗೆ ಸ್ನಾನ ಮಾಡಿಸ್ತಿದ್ರು,” ಎಂದ. ಚೆಂಬಿನಿಂದ ಕಣ್ಣು ತೆಗೆದು ಕೇಳಿದ: “ಎಲ್ಲರಿಗೂ ಕೊಟ್ರು. ನನಗೆ ಏನೂ ಇಟ್ಟಿಲ್ವಾ?”

“ಇಡುವ ಜನ ಅಲ್ಲ ಅವರು. ಎದುರಿಗೆ ಇದ್ದವರ ಕೈಯಲ್ಲಿ ಕೊಟ್ರು. ನೀನು ಬರ್ಲಿಲ್ಲ.”

ಅವನು ತಲೆ ತಗ್ಗಿಸಿ ಕೆಳಗಿಳಿದು ಹೋದ. ಮಂಚ, ಮೇಜು ಅಲ್ಲೇ ಉಳಿದವು. ಟೆಂಪೊ ಬರಿದಾಗಿಯೇ ಹೊರಟಿತು. “ಅಷ್ಟು ಕಠೋರವಾಗಿ ಯಾಕೆ ಹೇಳಿದ್ರಿ ಅಜ್ಜಿ?” ಎಂದು ಪ್ರಾಚಿ ಅತ್ತಳು. ಇದ್ದದ್ದನ್ನು ಹೇಳಿದೆ, ಅಷ್ಟೆ.

ಮರುದಿನ ಬೆಳಿಗ್ಗೆ ಚೆಂಬನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಒರೆಸಿ, ಒಳಗೆ ಒಂದು ದೊಡ್ಡ ತುಂಡು ಬೆಲ್ಲ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದೆ. ಅದನ್ನು ಮಡಿಲಲ್ಲಿಟ್ಟುಕೊಂಡು ಪನ್ವೇಲಿನ ಬಸ್ಸಿನಲ್ಲಿ ಕೂತು, ಕಂಡಕ್ಟರನಿಗೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟು ಎಂದೆ.